ನಾಲ್ಕನೇ ಪಟ್ಟಿಯಲ್ಲಿ ಉಳಿದ ಕುರಿಗಳು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಹುಲ್ಲುಗಾವಲಿನ ನಾಲ್ಕನೇ ಪಟ್ಟಿ ಹೋಯಿತು. ಹಾಲಪ್ಪನ ಇಪ್ಪತ್ಮೂರು ಕುರಿಗಳು ಅದರ ಮೇಲಿದ್ದವು.

ಹಾಲಪ್ಪ ನನ್ನ ಅಕ್ಕ ಕೆಂಚವ್ವನ ಗಂಡ. ಪಟ್ಟಿ ಹೋದಾಗ ಅವನು ಗೇಟಿನಿಂದ ಹತ್ತು ಹೆಜ್ಜೆ ಈಚೆಗಿದ್ದ. ನಾನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತು ಗಡಿಯಾರ ನೋಡಿ ವೇಳೆ ಬರೆದುಕೊಳ್ಳುತ್ತಿದ್ದೆ. ಬೇಲಿಯಾಚೆ ಐದು ದಿನ ಮೇಯ್ದು ಬೋಳಾಗಿದ್ದ ನೆಲ ಇಲ್ಲವಾಗಿ, ಅಲ್ಲಿ ಎತ್ತರದ ಹುಲ್ಲು ಇಬ್ಬನಿ ಹೊತ್ತು ನಿಂತಿತ್ತು. ಬಸ್ಸು ತಪ್ಪಿಸಿಕೊಂಡವನು ರಸ್ತೆ ನೋಡುವ ಹಾಗೆ ಹಾಲಪ್ಪ ಅದನ್ನು ನೋಡುತ್ತಿದ್ದ.

“ಏನ್ ಮಾವ, ಇಷ್ಟು ಲಗೂ ಬಂದಿ?” ಎಂದೆ.

“ಅದರಾಗ ನನ್ನ ಕುರಿ ಅದಾವ,” ಎಂದ.

“ಯಾತರಾಗ?”

“ಹೋತಲ್ಲ, ಅದರಾಗ.”

ನಮ್ಮ ಊರಿನ ಹುಲ್ಲುಗಾವಲಿಗೆ ಗೇಟು ಒಂದೇ. ಅದರಾಚೆ ಒಂಬತ್ತು ಪಟ್ಟಿಗಳಿವೆ. ಆದರೆ ಒಂದು ಸಲಕ್ಕೆ ಇರುವುದು ಒಂದೇ ಪಟ್ಟಿ. ಅದು ಐದು ದಿನ ಇರುತ್ತದೆ. ಆರನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಹೋಗುತ್ತದೆ, ಮುಂದಿನದು ಬಂದು ಅದೇ ಬೇಲಿಯೊಳಗೆ ನಿಲ್ಲುತ್ತದೆ. ಹೋದ ಪಟ್ಟಿ ನಲವತ್ತು ದಿನಕ್ಕೆ ಹುಲ್ಲು ಬೆಳೆಸಿಕೊಂಡು ಮರಳುತ್ತದೆ. ಅದು ಎಲ್ಲಿಗೆ ಹೋಗುತ್ತದೆಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಏನು ಮರೆತು ಬಂದೆವು ಎಂದು ಮಾತ್ರ ಕೇಳಿಕೊಳ್ಳುತ್ತಾರೆ. ಶಾಲೆಯ ಮಾಸ್ತರರು ಒಮ್ಮೆ ಎರಡನೇ ಪಟ್ಟಿಯಲ್ಲಿ ಸೈಕಲ್ ಮರೆತು ನಲವತ್ತು ದಿನ ನಡೆದೇ ಶಾಲೆಗೆ ಹೋದರು. ಸೈಕಲ್ ಮರಳಿ ಬಂದಾಗ ಚೈನು ತುಕ್ಕು ಹಿಡಿದಿತ್ತು, ಮಾಸ್ತರರ ಪ್ಯಾಂಟು ಸಡಿಲವಾಗಿತ್ತು. ಕುರಿಗಳಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಐದನೆಯ ದಿನ ಮಧ್ಯಾಹ್ನವೇ ಅವು ಮೇವು ಬಿಟ್ಟು ಗೇಟಿಗೆ ಮುಖ ಮಾಡಿ ಅರಚಲು ತೊಡಗುತ್ತವೆ. ಅಂದು ಸಂಜೆ ಎಲ್ಲರೂ ತಮ್ಮ ಕುರಿಗಳನ್ನು ಹೊರಗೆ ತಂದು, ಗೇಟಿನ ಬಳಿಯ ದೊಡ್ಡಿಗಳಲ್ಲಿ ಕೂಡಿಹಾಕುತ್ತಾರೆ.

ಹೊಸ ಪಟ್ಟಿ ಬಂದ ಬೆಳಿಗ್ಗೆ ನಾನೂರು ಚಿಲ್ಲರೆ ಕುರಿಗಳು ಗೇಟಿನ ಮುಂದೆ ನಾಲ್ಕು ಸಾಲಾಗಿ ನಿಲ್ಲುತ್ತವೆ. ಮೊದಲ ಸಾಲು ಮೇಯುತ್ತ ಮುಂದೆ ಸರಿಯಬೇಕು, ಉಳಿದವು ಅದರ ಬೆನ್ನಿಗೆ ಒಂದೊಂದಾಗಿ ಹೋಗಬೇಕು. ಮೊದಲು ಹೋದವಕ್ಕೆ ಹುಲ್ಲಿನ ತುದಿ ಸಿಗುತ್ತದೆ, ಕೊನೆಗೆ ಹೋದವಕ್ಕೆ ಬುಡ. ಜಂತುಹುಳದ ಮರಿಗಳು ಇರುವುದು ಬುಡದಲ್ಲಿ, ನೆಲದಿಂದ ಎರಡು ಮೂರು ಬೆರಳಿನೊಳಗೆ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಒಡೆದು ಮರಿ ಹುಲ್ಲು ಹತ್ತಲು ಐದಾರು ದಿನ ಬೇಕು, ಅಷ್ಟರಲ್ಲಿ ಪಟ್ಟಿ ಹೋಗಿರುತ್ತದೆ. ಆ ನಲವತ್ತು ದಿನದಲ್ಲಿ, ತಿನ್ನುವ ಕುರಿಯಿಲ್ಲದೆ, ಮರಿಗಳಲ್ಲಿ ಹೆಚ್ಚಿನವು ಸಾಯುತ್ತವೆ. ಎಲ್ಲವೂ ಸಾಯುವುದಿಲ್ಲ. ಆ ಉಳಿದವುಗಳ ಸಲುವಾಗಿಯೇ ಊರು ನನ್ನನ್ನು ಇಟ್ಟುಕೊಂಡಿದೆ.

ನಾನು ಕಣ್ಣು ನೋಡುವವನು. ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು, ಒಳಗಿನ ಬಣ್ಣವನ್ನು ನನ್ನ ಹಲಗೆಯ ಐದು ಬಣ್ಣಗಳ ಜೊತೆ ಹೋಲಿಸಿ ಹೇಳುತ್ತೇನೆ: ದಾಳಿಂಬೆ, ಕಲ್ಲಂಗಡಿ, ಪೇರಲ, ಬೆಳ್ಳುಳ್ಳಿ ಸಿಪ್ಪೆ, ಸುಣ್ಣ. ಹುಳ ರಕ್ತ ಕುಡಿದಷ್ಟೂ ಕಣ್ಣು ಬೆಳ್ಳಗಾಗುತ್ತದೆ. ಬೆಳ್ಳಗಿನವು ಮೊದಲ ಸಾಲಿಗೆ ಬರುತ್ತವೆ, ಅವಕ್ಕೆ ಮಾತ್ರ ಜಂತಿನ ಔಷಧಿ ಕುಡಿಸುತ್ತೇನೆ. ಎಲ್ಲವಕ್ಕೂ ಕುಡಿಸಿದರೆ ಹುಳ ಅದಕ್ಕೆ ಒಗ್ಗಿಹೋಗುತ್ತದೆ. ಕೆಂಪಗಿನವು ಕೊನೆಯ ಸಾಲಿಗೆ.

ಹೀಗಾಗಿ ನಮ್ಮೂರಿನಲ್ಲಿ ಯಾರೂ ತಮ್ಮ ಕುರಿಗಳನ್ನು ಹೊಗಳುವುದಿಲ್ಲ. ಹೊಗಳಿದರೆ ಹಿಂದಿನ ಸಾಲು. ನಲವತ್ತೊಂದು ಕುರಿಗಳ ಒಡೆಯ ಫಕೀರಪ್ಪ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ. ಅವನು ಗೇಟಿಗೆ ಬರುವಾಗಲೇ ಸತ್ತ ಮನೆಗೆ ಬಂದವನಂತೆ ಬರುತ್ತಾನೆ. “ಅಣ್ಣಾ, ನೋಡಬ್ಯಾಡ, ನೋಡಿದ್ರ ನಿನಗ ಊಟ ಸೇರಂಗಿಲ್ಲ. ಕಣ್ಣಾಗ ಹನಿ ರಗತ ಇಲ್ಲ,” ಎನ್ನುತ್ತಾನೆ. ನಾನು ರೆಪ್ಪೆ ಎಳೆದು “ಪೇರಲ” ಎಂದರೆ, “ಮೊದಲ ನಿನ್ನ ಕಣ್ಣ ಯಾರಿಗಾದ್ರೂ ತೋರಿಸ್ಕೊ,” ಎಂದು ಗೊಣಗುತ್ತ ಎರಡನೇ ಸಾಲಿಗೆ ನಡೆಯುತ್ತಾನೆ.

ಹಾಲಪ್ಪ ಒಬ್ಬನೇ ಬೇರೆ. ಅವನ ಅಪ್ಪನ ಕಾಲದಿಂದ ಅವರ ಕುರಿಗಳು ದಾಳಿಂಬೆ. ಕೊನೆಯ ಸಾಲು ಅವರ ಮನೆತನದ ಜಾಗ. ಬೇರೆಯವರು ತಪ್ಪಿಸಿಕೊಳ್ಳಲು ನೋಡುವ ಆ ಸಾಲಿನಲ್ಲಿ ಅವನು ಮದುಮಗನಂತೆ ನಿಲ್ಲುತ್ತಿದ್ದ. ಆದರೆ ವರ್ಷಗಟ್ಟಲೆ ಬುಡ ಮೇಯ್ದರೆ ದಾಳಿಂಬೆಯೂ ಬಣ್ಣ ಕಳೆದುಕೊಳ್ಳುತ್ತದೆ. ನನ್ನ ತಕ್ಕಡಿಯಲ್ಲಿ ಮೊದಲ ಸಾಲಿನ ಮರಿಗಳು ದಿನಕ್ಕೆ ನೂರ ಹತ್ತು ಗ್ರಾಂ ತೂಕ ಹೆಚ್ಚಿಸಿಕೊಳ್ಳುತ್ತಿದ್ದರೆ ಅವನವು ಅರವತ್ತರ ಆಚೀಚೆ ಇದ್ದವು. ದಾಳಿಂಬೆಯೇ ಇರಬೇಕೆಂದು ಅವನವನ್ನು ನೋಡದೇ ಬಿಡುತ್ತಿದ್ದ ನಾನು, ನಾಲ್ಕನೇ ಪಟ್ಟಿ ಬಂದ ಬೆಳಿಗ್ಗೆ ಅವುಗಳ ಕಣ್ಣು ನೋಡಿದೆ. ಕೆಂಪಗಿದ್ದವು, ನೀರು ಸುರಿಯುತ್ತಿತ್ತು, ಉಳ್ಳಾಗಡ್ಡಿ ತಿಕ್ಕಿದ ವಾಸನೆ ಬರುತ್ತಿತ್ತು. ನನ್ನ ಕೆಲಸದಲ್ಲಿ ಬಿಳಿ ತೋರಿಸಲು ಹೆಣಗಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಕೆಂಪು ತೋರಿಸಲು ಮೋಸ ಮಾಡಿದವನು ಇವನೊಬ್ಬನೇ.

“ಮಾವ, ಮುಂದಿನ ಸಲ ಕಣ್ಣ ತೊಳದು ನೋಡ್ತೀನಿ,” ಎಂದಿದ್ದೆ, ಬೇರೆಯವರಿಗೆ ಕೇಳದ ಹಾಗೆ. ಅಷ್ಟಕ್ಕೇ ಬಿಟ್ಟೆ. ಅಂದೇ ತೊಳೆದು ನೋಡಿ ಗಟ್ಟಿಯಾಗಿ ಹೇಳಬೇಕಿತ್ತು. ಅಕ್ಕನ ಗಂಡ ಎಂದು ಸುಮ್ಮನಿದ್ದದ್ದು ನನ್ನ ತಪ್ಪು.

ಉಳ್ಳಾಗಡ್ಡಿ ನಡೆಯದು ಎಂದಾದ ಮೇಲೆ ಹಾಲಪ್ಪ ಬೇರೆ ದಾರಿ ಹುಡುಕಿದ. ಕುರಿಯನ್ನು ಬಿರುಸಾಗಿ ಓಡಿಸಿದರೆ ಸ್ವಲ್ಪ ಹೊತ್ತು ಕಣ್ಣು ಕೆಂಪೇರುತ್ತದೆ. ದೊಡ್ಡಿಯಿಂದ ಗೇಟಿಗೆ ಇಪ್ಪತ್ತು ಮಾರು, ಅಲ್ಲಿ ಓಡಿಸಲು ಜಾಗವಿಲ್ಲ. ಪಟ್ಟಿಯ ಆ ತುದಿಯ ಹೊಂಡದ ಬಳಿಯ ತಗ್ಗಿನಿಂದ ಗೇಟಿಗೆ ಮುಕ್ಕಾಲು ಮೈಲಿ. ಹಾಗಾಗಿ ಐದನೆಯ ಸಂಜೆ ಕುರಿಗಳನ್ನು ಆ ತಗ್ಗಿನಲ್ಲೇ ಬಿಟ್ಟು ಬಂದ. ಬೆಳಿಗ್ಗೆ ಪಟ್ಟಿ ಹೋಗುವ ಮೊದಲು ಅಲ್ಲಿಂದ ಓಡಿಸಿಕೊಂಡು ಬಂದು ನೇರವಾಗಿ ನನ್ನ ಮುಂದೆ ನಿಲ್ಲಿಸುವುದು ಅವನ ಉಪಾಯ. ಹಿಂದಿನ ಸಲ ನಾಲ್ಕನೇ ಪಟ್ಟಿ ಹೋದದ್ದು ಆರು ಮೂವತ್ತೆಂಟಕ್ಕೆ, ಅದು ಅವನಿಗೆ ನೆನಪಿತ್ತು. ಹಗಲು ಬೆಳೆಯುವ ಕಾಲದಲ್ಲಿ ನಲವತ್ತೈದು ದಿನಕ್ಕೆ ಸೂರ್ಯ ಇಪ್ಪತ್ತೆಂಟು ನಿಮಿಷ ಮುಂಚಿತವಾಗಿ ಹುಟ್ಟುತ್ತಾನೆ ಎಂಬುದು ನೆನಪಿರಲಿಲ್ಲ.

ಕೆಂಚವ್ವ ಇದನ್ನೆಲ್ಲ ಕೇಳಿ ಅಳಲಿಲ್ಲ. “ತಮ್ಮಾ, ನಿಮ್ಮ ಮಾವಗ ವೇಳ್ಯಾ ತಿಳಿಯೂದಿಲ್ಲ ಅಂತ ಮದುವಿ ದಿನಾನ ಗೊತ್ತಾಗಿತ್ತು ನನಗ. ಮುಹೂರ್ತ ದಾಟಿದ ಮ್ಯಾಲೆ ತಾಳಿ ಹಿಡಕೊಂಡು ಬಂದಾಂವ,” ಎಂದಳು. ಆಮೇಲೆ ಒಲೆಯ ಕಡೆ ತಿರುಗಿ, “ಬಂಗಾರಿ ಗಬ್ಬ ಐತಿ,” ಎಂದಳು. ಬಂಗಾರಿ ಆ ಹಿಂಡನ್ನು ನಡೆಸುವ ಕುರಿ. ತಾಯಿ ಸತ್ತ ಮರಿಯಾಗಿದ್ದಾಗ ಅಕ್ಕ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಆ ಬೋಳು ಪಟ್ಟಿಯಲ್ಲಿ ಹೊಸ ಹುಲ್ಲು ಚಿಗುರುವವರೆಗೆ ಅವಕ್ಕೆ ಬುಡವೇ ಗತಿ. ತಾವು ಹಾಕಿದ ಹಿಕ್ಕೆಯಿಂದ ಎದ್ದ ಹುಳವನ್ನು ಈ ಸಲ ತಾವೇ ತಿನ್ನಬೇಕು. ಔಷಧಿ ಇಲ್ಲ, ಕಣ್ಣು ನೋಡುವವನಿಲ್ಲ. ಹೊಂಡದಲ್ಲಿ ನೀರಿತ್ತು ಎಂಬುದೊಂದೇ ಸಮಾಧಾನ. ಇಪ್ಪತ್ಮೂರರಲ್ಲಿ ಎಷ್ಟು ಉಳಿಯುತ್ತವೆ ಎಂದು ಅಕ್ಕ ಕೇಳಿದಳು. ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಊರಿಗೆ ಹಾಲಪ್ಪ ಹೇಳಿದ್ದು ಬೇರೆ. ಅಂದು ಕೊನೆಯ ಸಾಲಿನಲ್ಲಿ ಅವನ ಜಾಗ ಖಾಲಿ ಇದ್ದದ್ದನ್ನು ಎಲ್ಲರೂ ನೋಡಿದ್ದರು. ಹತ್ತು ಗಂಟೆಗೆ ಚಹಾದಂಗಡಿಯಲ್ಲಿ ಫಕೀರಪ್ಪ ಕೇಳಿದ, “ಹಾಲಣ್ಣ, ಕುರಿ ಎಲ್ಲಿ?”

“ಬಿಟ್ಟೀನಿ.”

“ಬಿಟ್ಟಿ ಅಂದ್ರ?”

“ನಾಲ್ಕನೇ ಪಟ್ಟಿಯೊಳಗ ಬೇಕಂತನ ಬಿಟ್ಟೀನಿ. ಎಷ್ಟು ದಿನ ಅಂತ ನಿಮ್ಮ ಎಂಜಲಾ ತಿನ್ನಬೇಕು ಅವು? ಪಟ್ಟಿ ಪೂರಾ ಇಪ್ಪತ್ಮೂರು ಬಾಯಿಗೆ. ನಲವತ್ತು ದಿನ ಎದ್ದಕೂಡ್ಲೆ ತುದಿ, ಮಲಗೂ ಮುಂದ ತುದಿ. ಬರ್ಲಿ ಅವು, ಆ ಕಣ್ಣ ನೋಡಾಂವನ ತಕ್ಕಡಿ ಮುರಿದು ಹೋಗ್ತೈತಿ.”

ಬಾಯಿತಪ್ಪಿ ಆಡಿದ ಮಾತಲ್ಲ, ಗಂಟಲು ಸರಿ ಮಾಡಿಕೊಂಡು ಆಡಿದ್ದು. ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಹುರುಳಿರುವಂತೆಯೂ ಕಾಣುತ್ತಿತ್ತು. ಇಕ್ಕಟ್ಟಿಲ್ಲದೆ ಮೇಯುವ ಕುರಿ ತನಗೆ ಬೇಕಾದ ಎಲೆಯನ್ನೇ ಆರಿಸಿ ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಈ ಮಾತನ್ನು ನಾನೇ ಹತ್ತು ಸಲ ಊರಿಗೆ ಹೇಳಿದ್ದೆ. ಅದರ ಇನ್ನರ್ಧವನ್ನು, ಒಂದೇ ನೆಲದಲ್ಲಿ ನಿಂತ ಕುರಿ ತನ್ನ ಹುಳವನ್ನು ತಾನೇ ಬಿತ್ತಿ ತಾನೇ ಕೊಯ್ಯುತ್ತದೆ ಎಂಬುದನ್ನು, ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಮೂರು ದಿನದಲ್ಲಿ ಊರಿನವರು ಹಾಲಪ್ಪನನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಅವನಿಗೆ ಚಹಾ ತಾನಾಗಿ ಬರುತ್ತಿತ್ತು. ಅವನು ಕುಡಿಯುತ್ತಿದ್ದ. ಆದರೆ ಮನೆಯಲ್ಲಿ ಎರಡು ರೊಟ್ಟಿ ಉಣ್ಣುತ್ತಿದ್ದವನು ಅರ್ಧಕ್ಕೆ ಇಳಿದಿದ್ದ. “ಚಹಾದಂಗಡ್ಯಾಗ ಹೊಟ್ಟಿ ತುಂಬಿಸ್ಕೊಂಡು ಬರ್ತಾರ, ಹೊಗಳಿಸ್ಕೊಂಡು,” ಎಂದು ಅಕ್ಕ ಉಳಿದ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತಿದ್ದಳು.

ಐದನೇ ಪಟ್ಟಿಯ ಐದನೆಯ ಸಂಜೆ ಎಲ್ಲರ ಕುರಿಗಳೂ ಹೊರಗೆ ಬಂದವು, ಫಕೀರಪ್ಪನವು ಬರಲಿಲ್ಲ. ಅವನು ಗೇಟಿನಲ್ಲಿ ಕೈಬೀಸಿಕೊಂಡು ನಿಂತಿದ್ದ.

“ಕುರಿ?” ಎಂದೆ.

“ತಗ್ಗಿನಾಗ. ನಿಮ್ಮ ಮಾವ ಒಬ್ಬನ ಶಾಣ್ಯಾ ಏನು ಈ ಊರಾಗ?”

“ಫಕೀರಣ್ಣ, ಬ್ಯಾಡ. ಹೊರಗ ತಾ.”

“ಯಾಕ? ನಿಮ್ಮ ಮಾವ ಬಿಟ್ರ ಉಪಾಯ, ನಾ ಬಿಟ್ರ ತಪ್ಪು. ಕಣ್ಣ ನೋಡಾಂವ ನೀನು, ಮಾರಿ ನೋಡಬ್ಯಾಡ.”

ಅದಕ್ಕೆ ನನ್ನ ಬಳಿ ಉತ್ತರವಿತ್ತು, ಆದರೆ ಅದು ಹಾಲಪ್ಪನದಾಗಿತ್ತು. ಮನೆಗೆ ಹೋದೆ. ಹಾಲಪ್ಪ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. “ಫಕೀರಪ್ಪ ನಲವತ್ತೊಂದು ಬಿಟ್ಟಾನ. ನೀ ಹೇಳ್ತೀಯೋ, ನಾ ಹೇಳ್ಲೋ?” ಎಂದೆ.

“ಹೇಳಿದ್ರ ಕೊನೀ ಸಾಲು ಹೋತಲ್ಲೊ,” ಎಂದ.

“ಸಾಲಿನಾಗ ನಿಂದರಾಕ ಕುರಿ ಎಲ್ಲಿ ಅದಾವ್ರಿ ನಿಮಗ?” ಒಳಗಿಂದ ಅಕ್ಕ ಕೇಳಿದಳು.

ಅವನು ಎದ್ದು ನನ್ನ ಹಿಂದೆ ಬಂದ. ಗೇಟಿನ ಬಳಿ ಇನ್ನೂ ಏಳೆಂಟು ಜನರಿದ್ದರು. ಹಾಲಪ್ಪ ಎಲೆ ಅಡಿಕೆಯ ಚೀಲ ತೆಗೆದು, ಫಕೀರಪ್ಪನಿಗೆ ಒಂದು ಎಲೆ ಕೊಟ್ಟು, ತಾನೂ ಒಂದಕ್ಕೆ ಸುಣ್ಣ ಸವರಿದ. ತಿನ್ನಲಿಲ್ಲ.

“ಫಕೀರಾ, ಕುರಿ ಹೊರಗ ತಾ. ನಾ ಬೇಕಂತ ಬಿಟ್ಟಿದ್ದಲ್ಲ ಅವು. ವೇಳ್ಯಾ ತಪ್ಪಿದೆ. ಓಡಿಸಿ ಕಣ್ಣ ಕೆಂಪ ಮಾಡೂಣು ಅಂತ ತಗ್ಗಿನಾಗ ಇಟ್ಟಿದ್ದೆ, ಬರೂದ್ರಾಗ ಪಟ್ಟಿ ಹೋತು. ಹೊಳ್ಳಿ ಬರ್ತಾವೊ ಇಲ್ಲೊ, ನನಗ ಗೊತ್ತಿಲ್ಲ.”

ಫಕೀರಪ್ಪ ಬಹಳ ಹೊತ್ತು ಅವನ ಮುಖ ನೋಡಿದ. “ಕೆಂಪ ಯಾಕ ಮಾಡಬೇಕಿತ್ತು? ನಿನ್ನವು ದಾಳಿಂಬಿ ಅಲ್ಲ?”

“ಸುಣ್ಣ.”

“ಸುಣ್ಣ?”

“ಎರಡ ವರ್ಷಾತು.”

“ನನ್ನವುಕಿಂತ?”

“ನಿನ್ನವುಕಿಂತ ಬಿಳಿ.”

ಫಕೀರಪ್ಪನ ಮುಖದಲ್ಲಿ ಮರುಕ ಬರುವುದರಲ್ಲಿತ್ತು, ನಿಂತುಹೋಯಿತು. “ಅದನ್ನ ನಾ ಒಪ್ಪಂಗಿಲ್ಲ,” ಎಂದ. ಆದರೂ ಬಡಿಗೆ ತೆಗೆದುಕೊಂಡು ಒಳಗೆ ಹೋದ. ಹಾಲಪ್ಪನೂ ಅವನ ಹಿಂದೆ ಹೋದ. ಕತ್ತಲಾಗುವ ಮೊದಲು ನಲವತ್ತೊಂದು ಕುರಿಗಳೂ ಹೊರಗೆ ಬಂದವು. ಮರುದಿನ ಬೆಳಿಗ್ಗೆ ಐದನೇ ಪಟ್ಟಿ ಖಾಲಿ ಹೋಯಿತು.

ಉಳಿದ ಮೂವತ್ತೈದು ದಿನ ಹಾಲಪ್ಪನಿಗೆ ಕೆಲಸವಿರಲಿಲ್ಲ. ಅವನು ಒಂದು ಕೈಗಡಿಯಾರ ಕಟ್ಟಿಕೊಂಡು, ಪ್ರತಿ ಪಟ್ಟಿ ಬದಲಾಗುವ ಬೆಳಿಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಗೇಟಿಗೆ ಬರುತ್ತಿದ್ದ. ಊರಿನವರು ಅವನನ್ನು ಬಿಡಲಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ “ಹಾಲಣ್ಣ, ವೇಳ್ಯಾ ಎಷ್ಟು?” ಎಂದು ಕೇಳುವುದು ರೂಢಿಯಾಯಿತು. ತಮ್ಮ ಕೈಯಲ್ಲೇ ಗಡಿಯಾರವಿದ್ದ ಮಾಸ್ತರರೂ ಕೇಳಿದರು. ಅವನು ಪ್ರತಿಯೊಬ್ಬರಿಗೂ ನಿಂತು, ನೋಡಿ, ನಿಮಿಷ ಸಮೇತ ಹೇಳುತ್ತಿದ್ದ. ಹದಿನೇಳನೆಯ ದಿನ ಮಳೆ ಬಂತು. ಹುಲ್ಲಿಗೆ ಒಳ್ಳೆಯದು, ಹುಳಕ್ಕೂ ಒಳ್ಳೆಯದು. ಆ ಮಳೆ ನಾಲ್ಕನೇ ಪಟ್ಟಿಯ ಮೇಲೂ ಬಿತ್ತೇ ಎಂದು ಅಕ್ಕ ಕೇಳಿದಳು. ಸಾಮಾನ್ಯವಾಗಿ ಬೀಳುತ್ತದೆ ಎಂದೆ. ಅವಳು ಒಣಹಾಕಿದ್ದ ಶಾವಿಗೆ ಒಳಗೆ ತರುವುದನ್ನು ಮರೆತು ಹೊಸ್ತಿಲಲ್ಲೇ ನಿಂತಳು.

ನಲವತ್ತನೆಯ ದಿನ ಬೆಳಿಗ್ಗೆ ಐದು ಐವತ್ತೆರಡಕ್ಕೆ ನಾಲ್ಕನೇ ಪಟ್ಟಿ ಬಂತು. ಊರೆಲ್ಲ ಗೇಟಿನಲ್ಲಿತ್ತು. ಯಾವಾಗಲೂ ಸಮನಾಗಿ ಬೆಳೆದು ಬರುತ್ತಿದ್ದ ಪಟ್ಟಿ ಈ ಸಲ ತೇಪೆ ಹಾಕಿದ ಕೌದಿಯಂತಿತ್ತು. ಹೊಂಡದ ಸುತ್ತ, ಮೇಲಿನ ದಿಬ್ಬದ ಮೇಲೆ ನೆಲ ಬೋಳು. ನಡುವಿನ ಹುಲ್ಲು ಯಾರೂ ಮುಟ್ಟದೆ ಕಡ್ಡಿಯಾಗಿ ನಿಂತಿತ್ತು. ಕುರಿಗಳು ದಿಬ್ಬದ ಮೇಲಿದ್ದವು. ಎಣಿಸಿದೆ. ಹತ್ತೊಂಬತ್ತು, ಮತ್ತೆ ಎರಡು ಮರಿಗಳು. ನಾಲ್ಕರ ಮೂಳೆಗಳು ಆಮೇಲೆ ಹೊಂಡದ ಬಳಿ ಸಿಕ್ಕವು.

ಹಾಲಪ್ಪ ನಾಲಿಗೆ ಮಡಚಿ ಕೂಗು ಹಾಕಿದ. ಯಾವುದೂ ಕದಲಲಿಲ್ಲ. ನಲವತ್ತು ದಿನ ಕೂಗು ಕೇಳದ ಕುರಿಗಳು ಮೂರು ಗುಂಪಾಗಿ ಒಡೆದುಹೋಗಿದ್ದವು. ಒಂದೊಂದು ಗುಂಪಿಗೂ ದಿಬ್ಬದ ಮೇಲೆ ತನ್ನದೇ ಮೂಲೆ ಇತ್ತು. ಎರಡನೆಯ ಸಲ ಕೂಗಿದಾಗ ಬಂಗಾರಿ ತಲೆಯೆತ್ತಿ ನೋಡಿ ಮತ್ತೆ ಮೆಲುಕು ಹಾಕಿತು. ಅದರ ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿದ್ದಿತ್ತು. ಪಕ್ಕದಲ್ಲಿ ಒಂದು ಮರಿ. ಕೊನೆಗೆ ಐದಾರು ಜನ ಒಳಗೆ ಹೋಗಿ ಒಂದೊಂದಾಗಿ ಹಿಡಿದು ತರಬೇಕಾಯಿತು. ಬಂಗಾರಿಯನ್ನು ಕೆಂಚವ್ವನೇ ಎತ್ತಿಕೊಂಡು ಬಂದಳು. ಎತ್ತಬಹುದಾದಷ್ಟು ಹಗುರವಾಗಿತ್ತು ಅದು.

ಗೇಟಿನ ಮುಂದೆ ನಾನು ತಕ್ಕಡಿ, ಹಲಗೆ ಇಟ್ಟುಕೊಂಡು ಕುಳಿತೆ. ಹತ್ತೊಂಬತ್ತರಲ್ಲಿ ಎಂಟು ಮೊದಲಿಗಿಂತ ಹೆಚ್ಚು ತೂಗಿದವು, ಒಂದು ಟಗರು ಮೂರೂವರೆ ಕಿಲೋ ಹೆಚ್ಚಿತ್ತು. ಹಾಲಪ್ಪ ಚಹಾದಂಗಡಿಯಲ್ಲಿ ಹೇಳಿದ್ದು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಉಳಿದ ಹನ್ನೊಂದು ಎಲುಬು ಬಿಟ್ಟಿದ್ದವು. ತೂಕ ಹೆಚ್ಚಿದ ಎಂಟರಲ್ಲಿ ಐದರ ಕಣ್ಣೂ ಬೆಳ್ಳುಳ್ಳಿ ಸಿಪ್ಪೆ. ಬಂಗಾರಿಯ ರೆಪ್ಪೆ ಎಳೆದೆ. ಹಾಲಪ್ಪ ಪಕ್ಕದಲ್ಲೇ ನಿಂತಿದ್ದ.

“ಸುಣ್ಣ,” ಎಂದೆ.

“ಹಿಂದಿನವ್ರಿಗೆ ಕೇಳಸ್ಲಿಲ್ಲ,” ಎಂದ ಹಾಲಪ್ಪ. “ಇನ್ನೊಮ್ಮೆ ಹೇಳು.”

ಇನ್ನೊಮ್ಮೆ ಹೇಳಿದೆ. ಫಕೀರಪ್ಪ ಮುಂದೆ ಬಂದು ತಾನೂ ರೆಪ್ಪೆ ಎಳೆದು ನೋಡಿದ. ಬಹಳ ಹೊತ್ತು ನೋಡಿದ. “ಹೌದಪಾ,” ಎಂದ, ಸೋತವನ ಧ್ವನಿಯಲ್ಲಿ. “ಇಷ್ಟು ಬಿಳಿ ನಾ ಸುಳ್ಳ ಹೇಳಿದಾಗೂ ಹೇಳಿಲ್ಲ.”

ಔಷಧಿ ಕುಡಿಸಿದೆ. ಆಮೇಲೆ ಊರಿಗೆ ಹೇಳಬೇಕಾದ್ದನ್ನು ಹೇಳಿದೆ: ಈ ಪಟ್ಟಿ ನಲವತ್ತು ದಿನ ಬಿಡುವು ಪಡೆದಿಲ್ಲ, ಹುಲ್ಲಿನ ತುಂಬ ಹುಳವಿದೆ, ಈ ಐದು ದಿನ ಯಾರ ಕುರಿಯೂ ಒಳಗೆ ಹೋಗಕೂಡದು. ಇಪ್ಪತ್ಮೂರು ಕುರಿಗಳ ತಪ್ಪಿಗೆ ನಾನೂರು ಕುರಿ ಯಾಕೆ ಉಪವಾಸ ಬೀಳಬೇಕು ಎಂದು ಸ್ವಲ್ಪ ಹೊತ್ತು ಗಲಾಟೆಯಾಯಿತು.

“ಹಂಗಾರ ನಾವು ಮರ ಹತ್ತೂದು?” ಎಂದ ಫಕೀರಪ್ಪ.

“ಹತ್ತೂದು,” ಎಂದೆ. ಮರದ ಸೊಪ್ಪಿಗೆ ಹುಳ ಹತ್ತುವುದಿಲ್ಲ.

ಐದು ದಿನ ಊರಿನ ಬೇವು, ಬನ್ನಿ, ಆಲದ ಮರಗಳಲ್ಲಿ ಹಕ್ಕಿಗಳಿಗಿಂತ ಮನುಷ್ಯರೇ ಹೆಚ್ಚಿದ್ದರು. ಹಾಲಪ್ಪ ಎಲ್ಲರಿಗಿಂತ ಎತ್ತರದ ಕೊಂಬೆಯಲ್ಲಿರುತ್ತಿದ್ದ. ತನ್ನ ಹತ್ತೊಂಬತ್ತಕ್ಕೆ ಬೇಕಾದಷ್ಟು ಕಡಿದ ಮೇಲೂ ಇಳಿಯುತ್ತಿರಲಿಲ್ಲ, ಕೆಳಗೆ ನಿಂತವರು ಯಾರಾದರೂ ಸರಿ, ಅವರಿಗೂ ಕಡಿದು ಹಾಕುತ್ತಿದ್ದ. ಮೂರನೆಯ ದಿನ ಅವನ ತೋಳು ತರಚಿ ಬಾತುಕೊಂಡಿತು. ಅಕ್ಕ ಎಣ್ಣೆ ಹಚ್ಚುತ್ತ, “ಈಗ ನಿಮ್ಮ ಕಣ್ಣ ತೋರಿಸ್ರಿ ತಮ್ಮಗ, ನಿಮಗೂ ಒಂದು ಸಾಲು ಹೇಳ್ತಾನ,” ಎಂದಳು. ಅಂದು ಅವನು ಎರಡು ರೊಟ್ಟಿ ಉಂಡ.

ಆರನೆಯ ದಿನ ಬೆಳಿಗ್ಗೆ ಐದು ಐವತ್ತೊಂದಕ್ಕೆ ನಾಲ್ಕನೇ ಪಟ್ಟಿ ಹೋಗಿ ಐದನೇ ಪಟ್ಟಿ ಬಂತು. ಹಾಲಪ್ಪ ಕುರಿಗಳನ್ನು ಹೊಡೆದುಕೊಂಡು ಬಂದು, ಅಭ್ಯಾಸಬಲದಿಂದ ಎಲ್ಲರ ಹಿಂದೆ ಹೋಗಿ ನಿಂತ. ಫಕೀರಪ್ಪ ತನ್ನ ಕುರಿಗಳನ್ನು ಎಡಕ್ಕೂ ಬಲಕ್ಕೂ ತಳ್ಳಿ ನಡುವೆ ದಾರಿ ಮಾಡಿದ. ಅವನನ್ನು ನೋಡಿ ಉಳಿದವರೂ ಹಾಗೆಯೇ ಮಾಡಿದರು. ಹಾಲಪ್ಪ ತಲೆ ತಗ್ಗಿಸಿಕೊಂಡು ಆ ದಾರಿಯಲ್ಲಿ ಮುಂದಕ್ಕೆ ಬಂದ. ನಾನು ಗೇಟು ತೆಗೆದೆ. ಬಂಗಾರಿ ಎಲ್ಲಕ್ಕಿಂತ ಮೊದಲು ಒಳಗೆ ಹೋಯಿತು, ಮರಿ ಅದರ ಹಿಂದೆ. ಹುಲ್ಲಿನ ತುದಿ ಅದರ ಎದೆಯ ಮಟ್ಟಕ್ಕಿತ್ತು. ಮೊದಲ ಹನ್ನೊಂದು ನಿಮಿಷ ಅದು ಬಾಯಿಯನ್ನು ನೆಲಕ್ಕೆ ತಾಗಿಸಲೇ ಇಲ್ಲ.